ಸತ್ತರೇನು ವಕೀಲರು

ಆ ವಕೀಲರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಮೆಟ್ಟಿಲ ಬುಡದಲ್ಲಿ ತೂಗುಹಾಕಿದ ತಗಡಿನ ಬೋರ್ಡು ಬಿಟ್ಟರೆ ಅದು ಬೇರೆ ಯಾರ ಬಾಯಲ್ಲೂ ಉಳಿದಿರಲಿಲ್ಲ. ಪೇಟೆ ಬೀದಿಗೆಲ್ಲ ಅವರು 'ಸತ್ತರೇನು ವಕೀಲರು'. ಎದುರಿಗೂ ಹಾಗೇ ಕರೆಯುತ್ತಿದ್ದರು. ಅವರೂ ಅದಕ್ಕೆ ಮುಖ ಸಿಂಡರಿಸಿದವರಲ್ಲ, ಒಳಗೊಳಗೇ ಹಿಗ್ಗುತ್ತಿದ್ದರು ಎಂದರೂ ತಪ್ಪಾಗದು.

ಹೆಸರು ಬಂದ ಬಗೆ ಹೀಗೆ. ಕೊಲೆ, ದರೋಡೆ, ಗಂಡಹೆಂಡಿರ ಜಗಳ ಇಂಥವು ಯಾವುವೂ ಅವರ ಕಚೇರಿಯ ಹದಿನೇಳು ಮೆಟ್ಟಿಲು ಹತ್ತಿ ಬರುತ್ತಿರಲಿಲ್ಲ. ಅವರದು ಅಂಗಡಿಗಳ ವಕೀಲಿಕೆ. ಇಬ್ಬರು ಸೇರಿ ಹಿಟ್ಟಿನ ಗಿರಣಿ ಇಡುತ್ತಾರೆ, ಮೂವರು ಸೇರಿ ಲಾರಿ ಓಡಿಸುತ್ತಾರೆ, ಇನ್ನೊಬ್ಬ ಮಳಿಗೆ ಬಾಡಿಗೆಗೆ ಹಿಡಿಯುತ್ತಾನೆ. ಅವರೆಲ್ಲರ ಕರಾರು ಬರೆಯುವುದು ಇವರ ಕೆಲಸ. ಬರೆದು ಮುಗಿದ ಮೇಲೆ ಅವರದೊಂದು ಕಟ್ಟಳೆ ಇತ್ತು. ಪಾಲುದಾರರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದುವುದು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೇಳುವುದು: "ನೀವು ಸತ್ತರೇನು?"

ಹೊಸ ಅಂಗಡಿಯ ಹುರುಪಿನಲ್ಲಿ ಬಂದವರಿಗೆ ಈ ಮಾತು ಕಪಾಳಕ್ಕೆ ಬಾರಿಸಿದಂತೆ ಆಗುತ್ತಿತ್ತು. ಒಬ್ಬ ಗಾಜಿನ ವ್ಯಾಪಾರಿ ಸಿಟ್ಟಿನಿಂದ ಎದ್ದು ಹೋದವನು ಅರ್ಧ ಮೆಟ್ಟಿಲಲ್ಲಿ ನಿಂತು, ತಲೆ ಕೆರೆದುಕೊಂಡು, ಮತ್ತೆ ಹತ್ತಿ ಬಂದಿದ್ದ. ಲಾರಿಯವನೊಬ್ಬ ಪಾಲುದಾರನ ಕಡೆ ಬೆರಳು ಮಾಡಿ, "ನಾನು ಸತ್ರೆ ಇವನು ಲಡ್ಡಾಗಿರೋ ಆ ಲಾರೀಲೇ ನನ್ನ ಹೊತ್ಕೊಂಡು ಹೋಗ್ತಾನೆ, ಅದನ್ನೂ ಬರ್ಕೊಳ್ಳಿ ಸಾರ್" ಎಂದಿದ್ದ. ನಗಲಿ, ಉರಿದು ಬೀಳಲಿ, ಉತ್ತರ ಸಿಗುವ ತನಕ ವಕೀಲರು ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಪಾಲು ಹೆಂಡತಿಗೋ ಮಗಳಿಗೋ? ಅಂಗಡಿಯ ಹೆಸರು ಯಾರಿಗೆ? ಬಾಗಿಲ ಬೀಗದಕೈ ಯಾರಿಗೆ? ಎಲ್ಲವನ್ನೂ ಬಾಯಿ ಬಿಡಿಸಿ, ಬರೆದು, ಆಮೇಲೇ ಸಹಿ.

ಉಳಿದ ಬುದ್ಧಿವಾದವೂ ಇಷ್ಟೇ ನೇರ. ಖಾಲಿ ಕಾಗದಕ್ಕೆ ಸಹಿ ಹಾಕಬೇಡ. ಬಾಡಿಗೆ ಕರಾರು ಕೈಗೆ ಬರುವ ಮೊದಲು ಮಳಿಗೆಗೆ ಬಣ್ಣ ಹೊಡೆಸಬೇಡ. ತಮ್ಮನಾದರೇನು, ಗೆಳೆಯನಾದರೇನು, ಮಾತನ್ನು ಕಾಗದಕ್ಕೆ ಇಳಿಸು. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳುತ್ತಿದ್ದುದು, ದುಡಿಯುವ ಕೈ ಯಾವುದೋ ಆ ಕೈಯವರ ಹೆಸರು ಕರಾರಿನಲ್ಲಿ ಇರಲೇಬೇಕು ಎಂದು. "ಕಾಗದಕ್ಕೆ ಬೆವರು ಕಾಣಲ್ಲ ಕಣಯ್ಯ, ಹೆಸರು ಮಾತ್ರ ಕಾಣುತ್ತೆ" ಎನ್ನುತ್ತಿದ್ದರು. ಜನ ತಲೆಯಾಡಿಸಿ ಹೋಗುತ್ತಿದ್ದರು. ಹಲ್ಲುನೋವಿನವರು ಮುಖ ಊದಿದ ಮೇಲೆ ವೈದ್ಯನ ಬಾಗಿಲಿಗೆ ಬಂದಂತೆ, ಬುದ್ಧಿವಾದ ಕೇಳದವರು ಐದಾರು ವರ್ಷ ಬಿಟ್ಟು ಮತ್ತೆ ಅದೇ ಮೆಟ್ಟಿಲು ಹತ್ತುತ್ತಿದ್ದರು. ಅಂಥ ದಿನ ವಕೀಲರು ಬಯ್ಯುತ್ತಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ನಿಂತು, ಬೀದಿಯ ಅಂಗಡಿಗಳನ್ನು ಎಣಿಸುವವರಂತೆ ನೋಡುತ್ತಿದ್ದರು.

ಇಷ್ಟು ವರ್ಷದಲ್ಲಿ ಅವರು ಓದದೆ, ಕೇಳದೆ ಸಹಿ ಹಾಕಿಸಿದ ಕರಾರು ಒಂದೇ ಒಂದು. ಅದು ಸ್ವಂತ ಭಾವನದು.

ಮೂವತ್ತೊಂದು ವರ್ಷದ ಹಿಂದಿನ ಮಾತು ಅದು. ವಕೀಲರ ಅಕ್ಕನಿಗೆ ಮದುವೆಯಾಗಿ ಆಗಿನ್ನೂ ಒಂದು ತಿಂಗಳು. ಭಾವ ಪುಸ್ತಕಕ್ಕೆ ರಟ್ಟು ಕಟ್ಟುವವರು. ಅವರೂ ಅವರ ಬಾಲ್ಯದ ಗೆಳೆಯರೊಬ್ಬರೂ ಸೇರಿ ಬೈಂಡಿಂಗ್ ಅಂಗಡಿ ಇಡುವುದೆಂದು ಆಯಿತು. ಗೆಳೆಯರು ಕಾಗದ ಕತ್ತರಿಸುವ ಯಂತ್ರದ ಮೇಲೆ ಕೈ ಪಳಗಿದವರು, ಹಾಗಾಗಿ ಎಲ್ಲರಿಗೂ ಮಿಷನ್ ಅಣ್ಣ. ಕರಾರು ಬರೆಯುವುದು ಭಾಮೈದನ ಪಾಲಿಗೆ ಬಂತು. ಭಾಮೈದ ಆಗ ನಾಲ್ಕು ವರ್ಷದ ವಕೀಲ, ಪ್ರಶ್ನೆ ಕೇಳುವ ಕಟ್ಟಳೆ ಆಗಲೇ ಹಿಡಿದಿತ್ತು. ಹಿಂದಿನ ವಾರವಷ್ಟೇ ತಕ್ಕಡಿ ರಿಪೇರಿ ಮಾಡುವ ಇಬ್ಬರು ಒಂಟಿ ಮುದುಕರಿಗೆ ಒಂದು ಕರಾರು ಬರೆದಿದ್ದರು. ಅವರಿಗೆ ಹಿಂದಿಲ್ಲ ಮುಂದಿಲ್ಲ. ಒಬ್ಬ ಸತ್ತರೆ ಅಂಗಡಿ, ಹೆಸರು, ಸಮಸ್ತ ಉಪಕರಣ ಎಲ್ಲ ಉಳಿದವನಿಗೆ, ಸತ್ತವನ ಕಡೆಯವರು ಯಾರಾದರೂ ಬಂದರೆ ಲೆಕ್ಕದ ಪ್ರಕಾರ ಪಾಲಿನ ಬೆಲೆ ಮಾತ್ರ ಎಂದು ಅವರೇ ಹೇಳಿ ಬರೆಸಿದ್ದರು. ಅದು ಏಳನೇ ಕಲಮು. ಭಾವನ ಕರಾರಿಗೆ ಅದನ್ನೇ ಮಾದರಿ ಇಟ್ಟುಕೊಂಡು ಟೈಪು ಮಾಡಿದರು. ಏಳನೆಯದನ್ನು ಸಹಿಯ ದಿನ ಕೇಳಿ ತಿದ್ದಿದರಾಯಿತು ಎಂದುಕೊಂಡಿದ್ದರು.

ಸಹಿಯ ದಿನ ಅಂಗಡಿಯಲ್ಲೇ ಕುಳಿತರು. ಗೋಡೆಗೆ ಹೊಸ ಸುಣ್ಣದ ವಾಸನೆ. ಉದ್ದನೆಯ ಹಲಗೆ ಮೇಜಿನ ಆಚೆ ಅಕ್ಕ ನಿಂತಿದ್ದಳು, ಬೆರಳಿಗೆಲ್ಲ ಅಂಟು. ಹೊಲಿಗೆ ಕೆಲಸವನ್ನು ಆ ಒಂದು ತಿಂಗಳಲ್ಲೇ ಗಂಡನಿಂದ ಕಲಿತುಬಿಟ್ಟಿದ್ದಳು. ಗಂಡನ ಮಾತಿಗೆಲ್ಲ ನಗು ತಡೆಯಲಾರದೆ ತಲೆ ತಗ್ಗಿಸುತ್ತಿದ್ದಳು. ವಕೀಲರು ಕನ್ನಡಕ ತೆಗೆದರು. ಪ್ರಶ್ನೆ ಗಂಟಲ ತನಕ ಬಂತು. ಒಂದು ತಿಂಗಳ ಮದುಮಗಳ ಎದುರು ಅವಳ ಗಂಡನನ್ನು ನೀನು ಸತ್ತರೇನು ಎಂದು ಕೇಳಲು ನಾಲಿಗೆ ಹೊರಳಲಿಲ್ಲ. ಉಗುಳಿನ ಜೊತೆ ನುಂಗಿ, "ಎಲ್ಲಾ ಸರಿ ಇದೆ ಭಾವ, ಹಾಕಿ" ಎಂದರು. ಹಾಕಿದರು. ಓದಿದ್ದರೆ ಏಳನೆಯದೂ ಬಾಯಿಗೆ ಬರುತ್ತಿತ್ತಲ್ಲ, ಅದಕ್ಕೇ ಓದುವ ಗೋಜಿಗೂ ಹೋಗಲಿಲ್ಲ. ಆಮೇಲೆ ಒಂದು ದಿನ ತಿದ್ದಿ ಹೊಸದು ಮಾಡಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಆ ಹಾಳೆಗಳನ್ನು ಅಕ್ಕನೇ ಎತ್ತಿಕೊಂಡು, ಮೇಣ ಉಜ್ಜಿದ ದಾರದಲ್ಲಿ ಹೊಲಿದು, ಕಂದು ರಟ್ಟು ಹಾಕಿ ಕೊಟ್ಟಳು. ಗಂಡನಿಗೆ ಒಂದು ಪ್ರತಿ, ಮಿಷನ್ ಅಣ್ಣನಿಗೆ ಒಂದು. "ನೂರು ವರ್ಷ ಬಿಚ್ಚಲ್ಲ ನೋಡು" ಎಂದಳು ತಮ್ಮನಿಗೆ. ಓದಲು ಅವಳಿಗೂ ಪುರುಸೊತ್ತಿರಲಿಲ್ಲ. ತಮ್ಮ ಬರೆದದ್ದನ್ನು ಓದಿ ನೋಡುವುದೇನಿದೆ?

ಆಮೇಲೊಂದು ದಿನ ಬರಲೇ ಇಲ್ಲ. ವಾರಕ್ಕೆರಡು ಸಲ ಆ ಅಂಗಡಿಗೆ ಹೋಗುತ್ತಿದ್ದರು, ಅಕ್ಕನ ಕೈಯ ಟೀ ಕುಡಿಯುತ್ತಿದ್ದರು, ತಮ್ಮ ಫೈಲುಗಳಿಗೆಲ್ಲ ಅಲ್ಲೇ ರಟ್ಟು ಹಾಕಿಸುತ್ತಿದ್ದರು. ಭಾವನ ಜೊತೆ ಗಂಟೆಗಟ್ಟಲೆ ಹರಟಿದ್ದರು. ಏಳನೇ ಕಲಮು ನೆನಪಾದಾಗೆಲ್ಲ, ಇವತ್ತು ಬೇಡ, ಭಾವ ಖುಷಿಯಾಗಿದ್ದಾರೆ ಎನ್ನಿಸುತ್ತಿತ್ತು. ಭಾವ ಖುಷಿಯಾಗಿಲ್ಲದ ದಿನ, ಇವತ್ತಂತೂ ಬೇಡ ಎನ್ನಿಸುತ್ತಿತ್ತು. ಅಕ್ಕನಿಗೆ ಮಕ್ಕಳಾಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆ ಉದ್ದ ಮೇಜಿನ ಮುಂದೆ ಕುಳಿತರೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದುದು. ಸೂಜಿಯೊಂದು ಯಾವಾಗಲೂ ಅವಳ ರವಿಕೆಯ ತೋಳಿನ ಅಂಚಿನಲ್ಲಿ ಚುಚ್ಚಿಕೊಂಡೇ ಇರುತ್ತಿತ್ತು. ಶಾಲೆಯ ರಿಜಿಸ್ಟರು, ಹರಿದ ನಿಘಂಟು, ಯಾರದೋ ತಾತನ ದಿನಚರಿ, ಎಲ್ಲದರ ಬೆನ್ನೆಲುಬೂ ಅವಳ ಕೈಯಲ್ಲೇ ನೆಟ್ಟಗಾದದ್ದು. ಮೂವತ್ತೊಂದು ವರ್ಷ. ಒಂದು ಕಾಗದದಲ್ಲೂ ಅವಳ ಹೆಸರಿರಲಿಲ್ಲ.

ಭಾವ ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿಯಲ್ಲೇ, ಒಣಗಲು ಇಟ್ಟ ರಿಜಿಸ್ಟರಿನ ಮೇಲೆ ಭಾರದ ಕಲ್ಲು ಇಡಲು ಹೋದವರು ಕಲ್ಲಿನ ಸಮೇತ ಕುಸಿದರು. ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು.

ಹತ್ತೇ ದಿನಕ್ಕೆ ಅಕ್ಕ ಮತ್ತೆ ಮೇಜಿನ ಮುಂದೆ ಬಂದು ಕುಳಿತಳು. ಮನೆಯಲ್ಲಿ ಕುಳಿತರೆ ಗೋಡೆಗಳೇ ಮೈಮೇಲೆ ಬರುತ್ತವೆ, ಇಲ್ಲಿದ್ದರೆ ಅವರು ರಟ್ಟು ತರಲು ಹೋಗಿದ್ದಾರೆ ಎಂದುಕೊಳ್ಳಬಹುದು ಎಂದು ತಮ್ಮನಿಗೆ ಹೇಳಿದಳು.

ಅದಾಗಿ ಎರಡು ವಾರಕ್ಕೆ ಮಿಷನ್ ಅಣ್ಣ ಹದಿನೇಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ವಕೀಲರ ಕಚೇರಿಗೆ ಬಂದರು. ಕಂಕುಳಲ್ಲಿ ಕಂದು ರಟ್ಟಿನ ಕರಾರು. ರಟ್ಟನ್ನು ಕಂಡ ಕೂಡಲೇ ವಕೀಲರು ಮುಂದಿದ್ದ ಫೈಲು ಮುಚ್ಚಿಟ್ಟರು. ಮಿಷನ್ ಅಣ್ಣ ಕೆಟ್ಟವರಲ್ಲ. ಬಹಳ ಹೊತ್ತು ಗೆಳೆಯನನ್ನು ನೆನೆದು ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ವಿಷಯ ತೆಗೆದರು. ಅಳಿಯ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತಂತೆ. ಅವನಿಗೊಂದು ಬಣ್ಣದ ಮುದ್ರಣದ ಯಂತ್ರ ಹಾಕಿಸಿಕೊಡಬೇಕಂತೆ. ಅದು ಕೂರಬೇಕಾದರೆ ಉದ್ದ ಮೇಜು ಇರುವ ಗೋಡೆಯೇ ಆಗಬೇಕಂತೆ. ಹೊಲಿಗೆ ಹಾಕಿದ ರಟ್ಟು ಈಗ ಯಾರಿಗೆ ಬೇಕು?

"ಅಳಿಯ ಇದನ್ನ ಓದಿ ಏನೋ ಹೇಳಿದ ವಕೀಲರೇ. ಏಳನೇದು ಅಂತೆ. ನನಗೆ ಓದಿದ್ರೆ ತಲೆಗೆ ಹೋಗಲ್ಲ. ಅಂಗಡಿ ಪೂರ್ತಿ ನನಗೇ ಅಂತ ಇದೆಯಂತೆ, ಹೌದಾ? ಬರೆದೋರು ನೀವು, ನಿಮ್ಮನ್ನೇ ಕೇಳೋಣ ಅಂತ ಬಂದೆ."

ಮೂವತ್ತೈದು ವರ್ಷದ ವಕೀಲಿಕೆಯಲ್ಲಿ ಕೇಳಿದವರಿಗೆ ಇಲ್ಲದ್ದನ್ನು ಇದೆ ಎಂದವರಲ್ಲ, ಇದ್ದದ್ದನ್ನು ಇಲ್ಲ ಎಂದವರಲ್ಲ. ವಕೀಲರು ಪುಟ ತಿರುಗಿಸಿದರು. ದಾರ ಒಂದು ಎಳೆಯೂ ಸಡಿಲವಾಗಿರಲಿಲ್ಲ.

"ಹೌದು" ಎಂದರು.

ಮಿಷನ್ ಅಣ್ಣ ನಿಟ್ಟುಸಿರುಬಿಟ್ಟು, "ನಿಮ್ಮಕ್ಕನಿಗೆ ನೀವೇ ಹೇಳಿಬಿಡಿ. ನನಗೆ ಅವಳ ಮುಖ ನೋಡಿ ಹೇಳಕ್ಕಾಗಲ್ಲ" ಎಂದು ಎದ್ದರು.

ಅಲ್ಲಿಂದ ಹನ್ನೊಂದು ದಿನ ವಕೀಲರು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಬೆಳಿಗ್ಗೆ ಬಂದು ಬಾಗಿಲು ಮುಚ್ಚಿಕೊಂಡು, ತಾವೇ ಬರೆದ ಆ ನಾಲ್ಕು ಪುಟದಲ್ಲಿ ಒಂದು ತೂತು ಹುಡುಕುತ್ತ ಕೂರುತ್ತಿದ್ದರು. ಬೇರೆಯವರು ಬರೆದ ಕರಾರಾಗಿದ್ದರೆ ಅರ್ಧ ಗಂಟೆಯಲ್ಲಿ ಕೂದಲು ಸೀಳಿ ಹತ್ತು ತೂತು ತೋರಿಸುತ್ತಿದ್ದರು. ಇದು ಅವರ ಸ್ವಂತ ಕೈಯದು. ಇಪ್ಪತ್ತೆಂಟರ ವಯಸ್ಸಿನ ಹಮ್ಮಿನಲ್ಲಿ ಗಾಳಿಯೂ ನುಸುಳದ ಹಾಗೆ ಬರೆದಿದ್ದರು. 'ಸಮಸ್ತ' ಎಂಬ ಪದ ಇಟ್ಟ ಕಡೆ ಸಮಸ್ತವೂ ಇತ್ತು. ಒಂದು ಕಡೆ ಓದುತ್ತ ಓದುತ್ತ, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂಬ ಹೆಮ್ಮೆ ತಾನಾಗಿ ಮೂಡಿತು. ಹಾಗನ್ನಿಸಿದ್ದೇ ತಡ ಕರಾರನ್ನು ಮುಚ್ಚಿ ದೂರ ತಳ್ಳಿದರು.

ಎಳೆದಾಡುವ ದಾರಿ ಇತ್ತು. ತಡೆಯಾಜ್ಞೆ ತಂದು ಅಂಗಡಿಗೆ ಬೀಗ ಜಡಿಸಬಹುದು, ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಎಂಟು ಹತ್ತು ವರ್ಷ ತಳ್ಳಬಹುದು. ಆದರೆ ಬೀಗ ಬಿದ್ದ ಅಂಗಡಿಯಲ್ಲಿ ಅಕ್ಕ ಕೂರುವುದೆಲ್ಲಿ? ಅವಳಿಗೆ ಬೇಕಾದದ್ದು ತೀರ್ಪಲ್ಲ, ಪಾಲಿನ ಬೆಲೆಯೂ ಅಲ್ಲ, ಆ ಮೇಜಿನ ಮುಂದಿನ ಕುರ್ಚಿ. ಇನ್ನು ಉಳಿದದ್ದು ಒಂದೇ. ಆ ದಿನ ಕರಾರನ್ನು ಓದಿ ಹೇಳಲಿಲ್ಲ, ಬರೆದವನದೇ ತಪ್ಪು, ಪಾಲುದಾರರಿಗೆ ಏಳನೆಯದು ಗೊತ್ತೇ ಇರಲಿಲ್ಲ ಎಂದು ತಾವೇ ಕಟಕಟೆ ಹತ್ತಿ ಹೇಳುವುದು. ಬೀದಿಯ ಎದುರು ಮಾನ ಹೋದರೂ ಹೋಗಲಿ. ಆದರೆ ಆ ದಿನ ಅಲ್ಲಿದ್ದ ಇನ್ನೊಬ್ಬರೂ ಹೌದೆನ್ನಬೇಕಲ್ಲ. ಹನ್ನೆರಡನೇ ದಿನ ಅವರು ಮಿಷನ್ ಅಣ್ಣನ ಮನೆಗೆ ಹೋದರು.

ಮಿಷನ್ ಅಣ್ಣ ಅಂಗಳದಲ್ಲಿ ಯಂತ್ರದ ಅಲಗಿಗೆ ಸಾಣೆ ಹಿಡಿಯುತ್ತಿದ್ದರು. ವಕೀಲರು ನಿಂತೇ ಕೇಳಿದರು. ಸತ್ಯ ಹೇಳಿ ಅಣ್ಣ, ಆ ದಿನ ನಾನು ನಿಮಗೆ ಆ ಪ್ರಶ್ನೆ ಕೇಳಲಿಲ್ಲ, ಕರಾರು ಓದಲಿಲ್ಲ, ನೆನಪಿದೆಯಲ್ಲ ಎಂದರು. ಮಿಷನ್ ಅಣ್ಣ ಅಲಗು ಕೆಳಗಿಟ್ಟು ಹುಬ್ಬು ಗಂಟಿಕ್ಕಿ ಯೋಚಿಸಿದರು. ಮುಖದಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ.

"ಕೇಳಿರ್ತೀರಿ ವಕೀಲರೇ. ಬೀದಿಗೆಲ್ಲ ಕೇಳೋರು ನೀವು, ನಮ್ಮನ್ನ ಬಿಡ್ತೀರಾ? ನನಗೆ ಈಗಲೂ ಕಿವೀಲಿದೆ ನೋಡಿ, ಕನ್ನಡಕ ತೆಗೆದು, ನೀವು ಸತ್ತರೇನು ಅಂದ್ರಿ. ಅವನು ನಕ್ಕ."

"ಕೇಳಲಿಲ್ಲ ಅಣ್ಣ. ನಾನು ಕೇಳಲಿಲ್ಲ."

"ಅಕ್ಕನ ಮೇಲಿನ ಸಂಕಟಕ್ಕೆ ಹೀಗನ್ನಿಸ್ತಿದೆ ನಿಮಗೆ" ಎಂದರು ಮಿಷನ್ ಅಣ್ಣ, ತುಂಬ ಮರುಕದಿಂದ. "ಯಾರ ಹತ್ರ ಬೇಕಾದ್ರೂ ಹೇಳಿ ನೋಡಿ, ಸತ್ತರೇನು ವಕೀಲರು ಸ್ವಂತ ಭಾವನ್ನ ಕೇಳದೆ ಬಿಟ್ರು ಅಂತ. ನಂಬ್ತಾರಾ?"

 ಅದು ನಿಜ. ನ್ಯಾಯಾಧೀಶರೂ ನಂಬುವುದಿಲ್ಲ. ಮೂವತ್ತೈದು ವರ್ಷ ಬಾಯಿ ನೋಯುವಷ್ಟು ಕೇಳಿ ಕೇಳಿ ಕಟ್ಟಿಕೊಂಡ ಹೆಸರೇ ಈಗ ಅವರ ಮಾತಿಗೆ ಅಡ್ಡ ನಿಂತಿತ್ತು. ಸಾಣೆಕಲ್ಲಿನ ಸದ್ದು ಮತ್ತೆ ಶುರುವಾಯಿತು. ಅವರು ಹಾಗೇ ತಿರುಗಿ ನಡೆದು ಅಂಗಡಿಗೆ ಬಂದರು.

ಅಕ್ಕ ಹಳೆಯದೊಂದು ಪಠ್ಯಪುಸ್ತಕದ ಬೆನ್ನು ಬಿಚ್ಚುತ್ತಿದ್ದಳು. ಭಾವನ ಕುರ್ಚಿಯ ಮೇಲೆ ರಟ್ಟಿನ ತುಂಡುಗಳನ್ನು ಪೇರಿಸಿಟ್ಟಿದ್ದಳು, ಯಾರೂ ಕೂರದ ಹಾಗೆ. ವಕೀಲರು ಅವಳೆದುರು ಸ್ಟೂಲು ಎಳೆದುಕೊಂಡು ಕುಳಿತು, ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳಿ, ಭಾವನ ಪ್ರತಿಯನ್ನು ಕಪಾಟಿನಿಂದ ತೆಗೆದು, ಮೂವತ್ತೊಂದು ವರ್ಷದ ಹಿಂದೆ ಓದಬೇಕಾಗಿದ್ದನ್ನು ಮೊದಲ ಅಕ್ಷರದಿಂದ ಓದಿದರು. ಏಳನೆಯದರಲ್ಲೂ ಒಂದು ಪದವನ್ನೂ ಹಾರಿಸಲಿಲ್ಲ. ಅಕ್ಕ ಸೂಜಿಯನ್ನು ತೋಳಿನ ಅಂಚಿಗೆ ಚುಚ್ಚಿ, ಕೈ ಕಟ್ಟಿಕೊಂಡು ಕೇಳಿದಳು. 

"ಅವತ್ತು ಯಾಕೋ ಓದಲಿಲ್ಲ?"

"ನೀನು ಎದುರಿಗೆ ನಿಂತಿದ್ದೆ ಅಕ್ಕ. ನಗ್ತಾ ಇದ್ದೆ. ಆ ಮಾತು ಕೇಳಕ್ಕೆ ಬಾಯಿ ಬರಲಿಲ್ಲ."

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಕರಾರನ್ನು ತಮ್ಮನ ಕೈಯಿಂದ ತೆಗೆದುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಕೇಳಿದ್ರೆ ಏನಾಗ್ತಿತ್ತು ಗೊತ್ತಾ ನಿಂಗೆ? ಅವರು ನಗ್ತಿದ್ರು. ಏನಾದ್ರೂ ಒಂದು ಹಾಳು ತಮಾಷೆ ಮಾಡ್ತಿದ್ರು. ಆಮೇಲೆ, ನಾನು ಹೋದ್ರೆ ನನ್ನ ಜಾಗಕ್ಕೆ ಇವಳು ಅಂತ ಬರೆಸಿಬಿಡ್ತಿದ್ರು. ಅಷ್ಟೇ ಕಣೋ. ಒಂದು ನಿಮಿಷದ ಕೆಲಸ."

ವಕೀಲರು ತಲೆ ತಗ್ಗಿಸಿದರು. ಬೇರೆ ಕಡೆ ಒಂದು ಸಣ್ಣ ಮಳಿಗೆ ನೋಡೋಣ, ನಾನು ಹಾಕಿಸಿಕೊಡುತ್ತೇನೆ ಎಂದು ತಡವರಿಸಿದರು. ಅಕ್ಕ ತಲೆಯಾಡಿಸಿದಳು. ಅರವತ್ತು ವರ್ಷಕ್ಕೆ ಹೊಸ ಗೋಡೆ ಯಾಕೆ, ಆ ಗೋಡೆಯಲ್ಲಿ ಅವರು ಇರುವುದಿಲ್ಲವಲ್ಲ ಎಂದಳು. ಮತ್ತೆ ಆ ಪಠ್ಯಪುಸ್ತಕ ಎತ್ತಿಕೊಂಡಳು. ಇದನ್ನು ನಾಳೆಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾಳಂತೆ.

ಅಂಗಡಿಯನ್ನು ಮಿಷನ್ ಅಣ್ಣನಿಗೆ ಒಪ್ಪಿಸುವ ದಿನ ಬಂತು. ಏನೇನು ಒಪ್ಪಿಸಲಾಯಿತು ಎಂಬ ಪಟ್ಟಿಯನ್ನು ಬರೆಯಲು ಬೇರೆ ವಕೀಲರನ್ನು ಹಿಡಿಯಿರಿ ಎಂದು ಇವರು ಹೇಳಬಹುದಿತ್ತು. ಹೇಳಲಿಲ್ಲ. ತಾವೇ ಬರೆದು ತಂದರು. ಅಂಗಡಿಯಲ್ಲಿ ಮೂವರೇ. ಮಿಷನ್ ಅಣ್ಣ ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದರು. ಅಕ್ಕ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಟಿನ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ್ದಳು. ವಕೀಲರು ಪಟ್ಟಿಯನ್ನೂ ಪೆನ್ನನ್ನೂ ಮುಂದೆ ಚಾಚಿದಾಗ ಅವಳು ಕೈ ನೀಡಲಿಲ್ಲ.

"ಇದನ್ನಾದ್ರೂ ಓದಪ್ಪ" ಎಂದಳು.

ಓದಿದರು. ಕತ್ತರಿಸುವ ಯಂತ್ರ ಒಂದು. ಒತ್ತುವ ಯಂತ್ರ ಒಂದು. ಉದ್ದ ಮೇಜು ಒಂದು. ಕುರ್ಚಿ ಎರಡು. ಭಾರದ ಕಲ್ಲು ನಾಲ್ಕು. ಇಕ್ಕಳ, ಸುತ್ತಿಗೆ, ದಾರದ ಉಂಡೆ. ಹೊಲಿಗೆ ಸೂಜಿ ಹನ್ನೊಂದು.

"ಹನ್ನೆರಡು" ಎಂದಳು ಅಕ್ಕ.

ವಕೀಲರು ತಲೆ ಎತ್ತಿದರು. ಅಕ್ಕ ತೋಳಿನ ಅಂಚು ತೋರಿಸಿದಳು. "ಇದು ಯಾರದು ಹೇಳು. ಅಂಗಡಿ ಖರ್ಚಲ್ಲೇ ತಗೊಂಡಿದ್ದು."

ಬಾಗಿಲ ಹತ್ತಿರದಿಂದ ಮಿಷನ್ ಅಣ್ಣ, "ಅಯ್ಯೋ, ಅದು ಇರಲಿ ಬಿಡು ತಂಗಿ, ಇಟ್ಕೋ" ಎಂದರು. ಅವಳು ಅತ್ತ ತಿರುಗಲಿಲ್ಲ. ತಮ್ಮನನ್ನೇ ನೋಡುತ್ತಿದ್ದಳು. ಅಂಗಡಿಯವರು ಎಷ್ಟೋ ಮಂದಿ ಹೀಗೇ ಅವರ ಮುಖ ನೋಡುತ್ತ ಉತ್ತರಕ್ಕೆ ಕಾದಿದ್ದರು. ನಿನ್ನದೇ ಅಕ್ಕ ಎಂದುಬಿಡಬಹುದಿತ್ತು. ಒಂದು ಸೂಜಿ.

"ಅಂಗಡೀದೇ" ಎಂದರು. ಅದು ಅವರ ಬಾಯಿಂದ ಬಂತೋ, ಏಳನೇ ಕಲಮಿನಿಂದ ಬಂತೋ ಅವರಿಗೇ ತಿಳಿಯಲಿಲ್ಲ.

ಅಕ್ಕ ಸೂಜಿಯನ್ನು ತೆಗೆದು ಉಳಿದವುಗಳ ಸಾಲಿನಲ್ಲಿ ಚುಚ್ಚಿದಳು. ವಕೀಲರು ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದರು. ತಿದ್ದಿದ ಕಡೆ ಒಪ್ಪಿಸುವವರ ಸಣ್ಣ ಸಹಿ ಬೇಕು, ಇಲ್ಲದಿದ್ದರೆ ತಿದ್ದುಪಡಿ ನಿಲ್ಲುವುದಿಲ್ಲ. ಬೆರಳಿಟ್ಟು ಜಾಗ ತೋರಿಸಿದರು. ಅಲ್ಲಿ ಹಾಕಿದಳು, ಕೆಳಗೆ ಪೂರ್ತಿ ಸಹಿಯನ್ನೂ ಹಾಕಿದಳು. ಆ ಅಂಗಡಿಯ ಕಾಗದವೊಂದರಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು.

ಇಬ್ಬರೂ ಬೀದಿಗಿಳಿದರು. ಎದುರಿನ ಗಾಜಿನ ವ್ಯಾಪಾರಿ ಏನೂ ತಿಳಿಯದವನು, ಎಂದಿನಂತೆ ಕೈ ಎತ್ತಿ, "ಏನು ಸತ್ತರೇನು ವಕೀಲರೇ, ಅಕ್ಕ ತಮ್ಮ ಇಬ್ಬರೂ ಹೊರಟುಬಿಟ್ರಿ?" ಎಂದು ಕೂಗಿದ. ಇಷ್ಟು ವರ್ಷ ಆ ಕೂಗಿಗೆ ಒಂದಲ್ಲ ಒಂದು ಕುಚೋದ್ಯದ ಉತ್ತರ ಕೊಡುತ್ತಿದ್ದ ವಕೀಲರು ಕೇಳಿಸದವರಂತೆ ನಡೆದರು. ಅಕ್ಕ ಎರಡು ಹೆಜ್ಜೆ ಮುಂದಿದ್ದಳು. ಅವಳ ಬೆರಳು ಮತ್ತೆ ಮತ್ತೆ ತೋಳಿನ ಅಂಚಿಗೆ ಹೋಗಿ, ಅಲ್ಲಿ ತಡಕಿ, ಕೆಳಗಿಳಿಯುತ್ತಿತ್ತು. ತಿರುವಿನ ತನಕ ಅವರು ಅದನ್ನೇ ನೋಡುತ್ತ ಹಿಂದೆ ಹಿಂದೆ ಹೋದರು. ಪಕ್ಕಕ್ಕೆ ಹೋಗಿ ಜೊತೆಯಾಗಿ ನಡೆಯಲು ಕಾಲು ಬರಲಿಲ್ಲ.